ತೇವ ಮತ್ತು ಬೂಷ್ಟು: ಒಂದು ಮಾರ್ಗಸೂಚಿಯ ವಿಮರ್ಶೆ

ಕರಾವಳಿ, ಮಲೆನಾಡುಗಳ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸಿದವರಿಗೆ ಒಂದು ಅನುಭವ ಸಾಮಾನ್ಯ. ಮಳೆಗಾಲ ಮುಗಿಯುವ ಹೊತ್ತಿಗೆ ಸೂಕ್ಷ್ಮದರ್ಶಕದ ಮಸೂರಗಳ ಮೇಲೆ ಜೇಡರ ಬಲೆಯಂತಹ ಶಿಲೀಂಧ್ರದ ಎಳೆಗಳು ಹರಡಿರುತ್ತವೆ. ಅದನ್ನು ತಡೆಯಲು ಉಪಕರಣಗಳನ್ನು ಬೀರುವಿನಲ್ಲಿಟ್ಟು ಒಳಗೆ ಸಣ್ಣ ಬಲ್ಬೊಂದನ್ನು ಉರಿಸುತ್ತೇವೆ. ಅದೇ ಕೋಣೆಯಲ್ಲಿ ದಿನವಿಡೀ ಉಸಿರಾಡುವ ಅಟೆಂಡರ್ ಬಗ್ಗೆ ಯೋಚಿಸುವುದಿಲ್ಲ. ನಾನೂ ಬಹುಕಾಲ ಯೋಚಿಸಿರಲಿಲ್ಲ. ಈ ದೃಷ್ಟಿಯಿಂದ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಪ್ರಾದೇಶಿಕ ಕಚೇರಿ 2009ರಲ್ಲಿ ಪ್ರಕಟಿಸಿದ, ಕಟ್ಟಡಗಳ ಒಳಗಿನ ತೇವ ಹಾಗೂ ಬೂಷ್ಟನ್ನು ಕುರಿತ ಮಾರ್ಗಸೂಚಿಯನ್ನು ಅಧ್ಯಾಪಕರು ಓದಬೇಕು, ಪ್ರಶ್ನಿಸಲೂ ಬೇಕು.

ಅದರ ದೊಡ್ಡ ಗುಣ ಪ್ರಾಮಾಣಿಕತೆ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಬೀಜಾಣುಗಳಿದ್ದರೆ ಅಪಾಯ ಎಂಬ ಸಂಖ್ಯೆಯನ್ನು ಅದು ಕೊಡುವುದಿಲ್ಲ. ತೇವ, ಸೂಕ್ಷ್ಮಜೀವಿ, ರೋಗ ಇವುಗಳ ಸಂಬಂಧವನ್ನು ನಿಖರವಾಗಿ ಅಳೆಯಲಾಗದು ಎಂದು ಒಪ್ಪಿಕೊಳ್ಳುತ್ತದೆ. ಆದರೆ ತೇವದ ಕಟ್ಟಡಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ, ಶ್ವಾಸಾಂಗದ ಸೋಂಕುಗಳು ಹೆಚ್ಚು ಎಂಬುದಕ್ಕೆ ಸಾಕಷ್ಟು ಪುರಾವೆಯಿದೆ ಎನ್ನುತ್ತದೆ. ಆದ್ದರಿಂದ ಬೀಜಾಣುಗಳನ್ನು ಎಣಿಸುತ್ತ ಕೂರದೆ ತೇವವನ್ನೇ ತಡೆಯಿರಿ ಎಂಬುದು ಅದರ ಸಲಹೆ. ಅಳೆಯಲಾಗದ್ದನ್ನು ಅಳೆದಂತೆ ತೋರಿಸದಿರುವುದೂ ವಿಜ್ಞಾನವೇ ಎಂದು ವಿದ್ಯಾರ್ಥಿಗಳು ಗಮನಿಸಬೇಕು.

ಕೊರತೆ ಇರುವುದು ಭೌತಶಾಸ್ತ್ರ ಸ್ಥಳಕ್ಕೆ ತಕ್ಕಂತೆ ಬದಲಾಗುವಲ್ಲಿ. ಆಧಾರವಾಗಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪ್, ಉತ್ತರ ಅಮೆರಿಕಗಳ ಮನೆಗಳನ್ನು ಕುರಿತವು. ಅಲ್ಲಿ ಚಳಿಗಾಲದಲ್ಲಿ ಒಳಗಿನ ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಹೊರಗೋಡೆಯನ್ನು ಮುಟ್ಟಿ ಸಾಂದ್ರೀಕರಿಸುತ್ತದೆ. ಒಣ ಹೊರಗಾಳಿಯನ್ನು ಒಳಗೆ ಬಿಟ್ಟರೆ ತೇವ ಕಡಿಮೆಯಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ತಿರುವುಮುರುವು.

ಹೊರಗೆ 28 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 90 ಎಂದು ಇಟ್ಟುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅದರ ಒಂದು ಘನ ಮೀಟರ್ 23 ಡಿಗ್ರಿಯ ಹವಾನಿಯಂತ್ರಿತ ಕಚೇರಿಗೆ ನುಸುಳಿ ತಣಿದರೆ ಸುಮಾರು 4 ಗ್ರಾಂ ನೀರು ಬಿಡುತ್ತದೆ. ಇಲ್ಲಿ ಕಿಟಕಿ ತೆರೆಯುವುದು ತೇವವನ್ನು ಆಹ್ವಾನಿಸಿದಂತೆ. ಗೋಡೆಗೆ ಒಳಗಿನಿಂದ ಪ್ಲಾಸ್ಟಿಕ್ ಹೊದಿಕೆ ಅಂಟಿಸಿದ್ದರೆ ಅದರ ಹಿಂದೆ ಬೂಷ್ಟು ಗುಟ್ಟಾಗಿ ಬೆಳೆಯುತ್ತದೆ. ನೀರಿನ ಹನಿ ಕಾಣಲೇಬೇಕೆಂದೂ ಇಲ್ಲ. ಮೇಲ್ಮೈಯ ಬಳಿ ಆರ್ದ್ರತೆ ಬಹುದಿನ ಶೇ. 80ನ್ನು ಮೀರಿದರೆ ಸಾಕು. ಬೀರುವಿನ ಬಲ್ಬಿನ ಗುಟ್ಟೂ ಇದೇ: ಒಳಗಿನ ಗಾಳಿ 31 ಡಿಗ್ರಿಗೆ ಏರಿದರೆ ಆವಿಯ ಪ್ರಮಾಣ ಅಷ್ಟೇ ಇದ್ದರೂ ಆರ್ದ್ರತೆ ಸುಮಾರು ಶೇ. 76ಕ್ಕೆ ಇಳಿಯುತ್ತದೆ. ಆಯಾ ಹವಾಗುಣಕ್ಕೆ ತಕ್ಕ ಸ್ಥಳೀಯ ಶಿಫಾರಸುಗಳು ಬೇಕೆಂದು ಮಾರ್ಗಸೂಚಿ ಹೇಳುತ್ತದೆ, ನಿಜ. ಆದರೆ ಆ ಲೆಕ್ಕವನ್ನು ನಮಗೇ ಬಿಟ್ಟಿದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಕಟ್ಟಡವನ್ನು ತೇವಮುಕ್ತವಾಗಿ ಇಡುವುದು ಮಾಲೀಕರ ಹೊಣೆ. ನೀರು, ಗಾಳಿ ಸಂಚಾರಗಳನ್ನು ಸರಿಯಾಗಿ ಬಳಸುವುದು ಒಳಗಿರುವವರ ಹೊಣೆ ಎಂದು ಅದು ಹಂಚುತ್ತದೆ. ಮನೆಗೆ ಇದು ಸರಿ. ಕೆಲಸದ ಸ್ಥಳದಲ್ಲಿ ಕಟ್ಟಡ ಒಬ್ಬರದು, ಉದ್ಯೋಗದಾತ ಇನ್ನೊಬ್ಬರು, ಉಸಿರಾಡುವವನು ಮೂರನೆಯವನು. ಹವಾನಿಯಂತ್ರಕದ ಗುಂಡಿಯಾಗಲಿ, ಸೋರುವ ಮಾಡಿನ ದುರಸ್ತಿಯಾಗಲಿ ಗುಮಾಸ್ತನ ಕೈಯಲ್ಲಿಲ್ಲ. ಅಧಿಕಾರವಿಲ್ಲದವನಿಗೆ ಹೊಣೆಯನ್ನು ಹಂಚುವುದು ನ್ಯಾಯವಲ್ಲ. ಈ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ತಪಾಸಣಾ ನಮೂನೆ ಹೆಚ್ಚು ಉಪಯುಕ್ತ. ಶಾಲೆ, ಕಚೇರಿಗಳ ಒಂದೊಂದೇ ಕೋಣೆಗೆ ಹೋಗಿ ಬೂಷ್ಟಿನ ವಾಸನೆ, ಕಲೆ, ಒದ್ದೆ ಜಾಗಗಳಿಗೆ ಅಂಕ ಕೊಡುವ ಕ್ರಮ ಅದು. ದುಬಾರಿ ಉಪಕರಣ ಬೇಡ. ಕಣ್ಣು, ಮೂಗು ಸಾಕು. ದಾಖಲೆ ಕೈಯಲ್ಲಿದ್ದರೆ ದುರಸ್ತಿಯನ್ನು ಕೇಳಲು ಬಲ ಬರುತ್ತದೆ.

ಅಧ್ಯಾಪಕರು ಈ ಮಳೆಗಾಲದಲ್ಲಿ ವಿದ್ಯಾರ್ಥಿಗಳಿಂದ ಒಣ-ಒದ್ದೆ ಬಲ್ಬಿನ ಉಷ್ಣತಾಮಾಪಕದಲ್ಲಿ ಪ್ರಯೋಗಾಲಯ, ಗ್ರಂಥಾಲಯ, ಕಚೇರಿಗಳ ಆರ್ದ್ರತೆಯನ್ನು ವಾರಕ್ಕೊಮ್ಮೆ ಅಳೆಸಲಿ. ಗೋಡೆಯ ಉಷ್ಣತೆಯನ್ನೂ ಬರೆಸಿ ಇಬ್ಬನಿ ಬಿಂದುವಿನೊಡನೆ ಹೋಲಿಸಲಿ. ಬಂದ ಕೋಷ್ಟಕವನ್ನು ಪ್ರಾಂಶುಪಾಲರ ಮೇಜಿನ ಮೇಲೆ ಇಡಲಿ. ಮಸೂರವನ್ನಾದರೆ ಒರೆಸಬಹುದು, ಕೆಟ್ಟರೆ ಹೊಸದು ತರಿಸಬಹುದು. ಅಟೆಂಡರ್‌ನ ಶ್ವಾಸಕೋಶಕ್ಕೆ ಆ ಅನುಕೂಲವಿಲ್ಲ.