ಮಂದಗಮನದ ವ್ರತ

ಮ್ಯಾರಥಾನಿಗೆ ಹೆಸರು ಬರೆಸಿದವನ ಸಂಕಟವೆಲ್ಲ ಸ್ಪರ್ಧೆಯ ದಿನದ 42 ಕಿಲೋಮೀಟರುಗಳಲ್ಲಿಯೇ ಅಡಗಿದೆಯೆಂದು ಲೋಕವು ನಂಬಿರುವುದರಿಂದ, ಆ ಒಂದು ದಿನಕ್ಕಾಗಿ ಬೆಳಗಿನ ಜಾವದ ನಿದ್ರೆಯನ್ನೂ ಶನಿವಾರ ರಾತ್ರಿಯ ಊಟದ ಕರೆಗಳನ್ನೂ ಹತ್ತಿರದ ಬಂಧುಗಳ ಸೌಹಾರ್ದವನ್ನೂ ಒತ್ತೆಯಿಟ್ಟು ಅವನು ಸವೆಸಬೇಕಾದ 16 ಅಥವಾ 18 ವಾರಗಳ ತಾಲೀಮಿನ ಬಗೆಗೆ ಯಾರೂ ಮರುಕಪಟ್ಟಂತೆ ಕಾಣುವುದಿಲ್ಲ. ಸ್ಪರ್ಧೆಗೆ ಚಪ್ಪಾಳೆಯುಂಟು, ದಾರಿಯಲ್ಲಿ ಬಾಳೆಯ ಹಣ್ಣುಂಟು, ಕಟ್ಟಕಡೆಗೆ ಕೊರಳಿಗೊಂದು ಪದಕವುಂಟು. ತಾಲೀಮಿಗೆ ಇರುವುದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಒಂದು ಪಟ್ಟಿ ಮಾತ್ರ. ಅದು ಪಂಚಾಂಗಕ್ಕಿಂತ ನಿಷ್ಠುರವಾದದ್ದು, ಏಕೆಂದರೆ ಪಂಚಾಂಗದ ದೋಷಗಳಿಗಾದರೂ ಶಾಂತಿಯುಂಟು.

ಈ ಪಟ್ಟಿಯ ಸ್ವಭಾವವನ್ನು ಬಹುಕಾಲ ಪರಾಮರ್ಶಿಸಿ ನಾನು ಕಂಡುಕೊಂಡಿರುವುದಿಷ್ಟು: ಓಟಗಾರನ ಮನಸ್ಸು ಯಾವುದನ್ನು ಬಯಸುವುದೋ ಅದಕ್ಕೆ ವಿರುದ್ಧವಾದದ್ದನ್ನೇ ಅದು ವಿಧಿಸುತ್ತದೆ. ಮೈಯಲ್ಲಿ ಕಸುವು ಉಕ್ಕುವ ದಿನ ನಿಧಾನವಾಗಿ ಓಡೆನ್ನುತ್ತದೆ. ಕಾಲೆತ್ತಲಾರದ ದಿನ 800 ಮೀಟರುಗಳನ್ನು ಎಂಟು ಸಲ ಧಾವಿಸೆನ್ನುತ್ತದೆ. ಓಡದೆ ಇರಲಾರೆನೆಂಬ ಹಂಬಲ ಹುಟ್ಟಿದಾಗ ಸುಮ್ಮನೆ ಕುಳಿತಿರೆನ್ನುತ್ತದೆ. ಇವುಗಳಲ್ಲಿ ಮೊದಲನೆಯದು ಅತಿ ದುಸ್ಸಹ.

ವಾರದ ಓಟದ ಬಹುಭಾಗವನ್ನು, ಪಕ್ಕದವರೊಡನೆ ಸರಾಗವಾಗಿ ಮಾತಾಡಬಲ್ಲಷ್ಟು ಮೆಲ್ಲಗೆ ಸಾಗಿಸಬೇಕೆಂಬುದು ಕೋಚುಗಳ ಮತ. ಹಾಗೆ ಓಡಿದರೆ ಸ್ನಾಯುಗಳೊಳಗಿನ ಸೂಕ್ಷ್ಮ ರಕ್ತನಾಳಗಳು ವೃದ್ಧಿಯಾಗುತ್ತವೆ, ಕೊಬ್ಬನ್ನು ಉರಿಸಿ ಶಕ್ತಿ ಪಡೆಯುವ ಸಾಮರ್ಥ್ಯ ಹೆಚ್ಚುತ್ತದೆ, ಶಾಸ್ತ್ರವೇನೋ ನಿರ್ದುಷ್ಟವೇ. ಆದರೆ ಬೆಳಗಿನ ಕಬ್ಬನ್ ಪಾರ್ಕಿನಲ್ಲಿ, ಬೆಲೆಬಾಳುವ ಶೂ ಮೆಟ್ಟಿ, ಹೃದಯದ ಬಡಿತವನ್ನೆಣಿಸುವ ಗಡಿಯಾರ ಧರಿಸಿ, ಬಿದಿರು ಮೆಳೆಗಳ ಪಕ್ಕದಲ್ಲಿ ಈ ಶಾಸ್ತ್ರವನ್ನು ಪರಿಪಾಲಿಸುತ್ತಿರುವಾಗ, ಮಂಕಿ ಕ್ಯಾಪನ್ನು ಕಿವಿ ಮುಚ್ಚುವಂತೆ ಎಳೆದುಕೊಂಡ ನಿವೃತ್ತ ಹಿರಿಯರೊಬ್ಬರು, ನೀರಿನ ಬಿಲ್ಲಿನ ಅನ್ಯಾಯವನ್ನು ಜೊತೆಗಾರರಿಗೆ ವಿವರಿಸುತ್ತ, ಬರಿಯ ನಡಿಗೆಯಲ್ಲಿಯೇ ನಮ್ಮನ್ನು ಹಿಂದೆ ಹಾಕಿ, ಕರುಣೆಯಿಂದ ಒಮ್ಮೆ ತಿರುಗಿ, "ಹೊಸದಾಗಿ ಶುರು ಮಾಡಿದ್ದೇನಪ್ಪಾ? ಪರವಾಗಿಲ್ಲ, ಅಭ್ಯಾಸವಾಗುತ್ತೆ" ಎಂದರೆ, ರಕ್ತನಾಳಗಳ ವೃದ್ಧಿಯನ್ನು ಅವರಿಗೆ ಅರುಹಲು ಉಸಿರಿದ್ದರೂ ಮುಖವಿರುವುದಿಲ್ಲ. ಅಭಿಮಾನಭಂಗದಿಂದ ಏರಿದ ಬಡಿತವನ್ನು ಪರಿಶ್ರಮವೆಂದು ಬಗೆದ ಗಡಿಯಾರವು ಆ ಕ್ಷಣದಲ್ಲಿಯೇ, ಇನ್ನೂ ನಿಧಾನವೆಂದು ಕೀಚಲು ದನಿಯಲ್ಲಿ ಎಚ್ಚರಿಸುತ್ತದೆ.

ಎಮಿಲ್ ಝಾಟೊಪೆಕ್ ಈ ವ್ರತವನ್ನು ಹಿಡಿದವನಲ್ಲ. 400 ಮೀಟರುಗಳನ್ನು ಒಂದೇ ದಿನ ಹತ್ತಾರು ಸಲ ಧಾವಿಸುತ್ತಿದ್ದ, ಸೈನಿಕರ ಬೂಟು ತೊಟ್ಟೂ ಓಡುತ್ತಿದ್ದ ಆ ಚೆಕ್ ಮಹಾಶಯನು, 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000 ಮತ್ತು 10,000 ಮೀಟರುಗಳನ್ನು ಗೆದ್ದ ಮೇಲೆ, ಅದುವರೆಗೆ ಒಮ್ಮೆಯೂ ಓಡದಿದ್ದ ಮ್ಯಾರಥಾನನ್ನೂ ಗೆದ್ದುಬಿಟ್ಟನು. ಇಂಥವರ ಚರಿತ್ರೆಯನ್ನು ತಾಲೀಮಿನ ಅವಧಿಯಲ್ಲಿ ಓದುವುದು ಆರೋಗ್ಯಕ್ಕೆ ಹಿತವಲ್ಲ.

ಭಾನುವಾರದ ಲಾಂಗ್ ರನ್ ಎಂಬುದು ವಾರದಿಂದ ವಾರಕ್ಕೆ ಬೆಳೆದು 30 ಅಥವಾ 32 ಕಿಲೋಮೀಟರಿಗೆ ನಿಂತುಬಿಡುತ್ತದೆ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಚಿತವಾದ ಗ್ಲೈಕೋಜನ್ ಬಹುತೇಕರಿಗೆ ತೀರುತ್ತ ಬರುವುದೂ, ವಾಲ್ ಎಂದು ಓಟಗಾರರು ಭಯಭಕ್ತಿಯಿಂದ ಹೆಸರಿಸುವ ಆ ಅವಸ್ಥೆ ಎದುರಾಗುವುದೂ ಹೆಚ್ಚುಕಡಮೆ ಅಲ್ಲಿಯೇ. ಎಂದರೆ ನಿಜವಾದ ಕಷ್ಟ ಎಲ್ಲಿ ಆರಂಭವಾಗುವುದೋ ಅಲ್ಲಿಗೆ ತಾಲೀಮು ಕೈಮುಗಿದು ಬೀಳ್ಕೊಡುತ್ತದೆ. ಆ ವಾಲನ್ನು ತಡೆಯಲೆಂದು ಸೇವಿಸುವ ಜೆಲ್ಲಿನ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದಾಗ ಅರ್ಧ ಬಾಯಿಗೂ ಅರ್ಧ ಬೆರಳುಗಳಿಗೂ ಸಲ್ಲುತ್ತದೆ. ಮುಂದಿನ ಐದು ಕಿಲೋಮೀಟರು ಹೆಬ್ಬೆರಳು ತೋರುಬೆರಳನ್ನು ಬಿಟ್ಟಗಲದು. ಒಂದು ಉಂಡೆ ಬೆಲ್ಲಕ್ಕೆ ಇದು ಯಾವ ಬಗೆಯಲ್ಲಿ ಮಿಗಿಲೆಂದು ನನಗೆ ತಿಳಿಯದು.

ಮ್ಯಾರಥಾನಿನ ದೂರವೇ ಒಂದು ದಾಕ್ಷಿಣ್ಯದ ಫಲ. 1908ರಲ್ಲಿ ಲಂಡನ್ ಒಲಿಂಪಿಕ್ಸಿನ ಓಟವು ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಪರಿವಾರದ ಆಸನಗಳೆದುರಿಗೆ ಮುಗಿಯುವಂತೆ ಏರ್ಪಾಡಾದುದರಿಂದ 42.195 ಕಿಲೋಮೀಟರಾಯಿತು, ಅದೇ 1921ರಲ್ಲಿ ಸ್ಥಿರಪಟ್ಟಿತು. ಅದಕ್ಕೆ ಒಂದು ವರ್ಷ ಮೊದಲು ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಓಡಿ ಹತ್ತೊಂಬತ್ತನೆಯವರಾದ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಪಾಲಿಗೆ ಬಂದದ್ದು 42.75 ಕಿಲೋಮೀಟರು. ಹೆಚ್ಚಿನ ಆ ಅರ್ಧ ಕಿಲೋಮೀಟರಿಗೆ ಅವರಿಗೆ ಯಾರೂ ಪರಿಹಾರ ಕೊಟ್ಟಂತಿಲ್ಲ.

ಕಪ್ಪಿಟ್ಟ ಕಾಲುಗುರುಗಳನ್ನೂ, ಬಚ್ಚಲಿನಲ್ಲಿ ಅಕಾಲದಲ್ಲಿ ಬರಿದಾಗುವ ವ್ಯಾಸಲೀನ್ ಡಬ್ಬಿಯನ್ನೂ, ಎರಡನೆಯ ಮುದ್ದೆಗೆ ಕೈಯೊಡ್ಡುವಾಗ ಕಾರ್ಬೋಹೈಡ್ರೇಟಿನ ಮಾತೆತ್ತುವ ಗಂಡನನ್ನೂ ಮನೆಯವರು ಹೇಗೋ ಸಹಿಸಿಕೊಂಡಿರುತ್ತಾರೆ. ಅವರ ತಾಳ್ಮೆಗೆ ನಿಜವಾದ ಪರೀಕ್ಷೆ ಕೊನೆಯ ಎರಡು ಮೂರು ವಾರಗಳಲ್ಲಿ. ಟೇಪರ್ ಎಂಬ ಈ ಅವಧಿಯಲ್ಲಿ ಓಟವನ್ನು ಇಳಿಸಿ ಕಾಲುಗಳಿಗೆ ವಿಶ್ರಾಂತಿ ಕೊಡಬೇಕೆಂದು ವಿಧಿಯಿದೆ. ಕೊಟ್ಟೊಡನೆಯೇ, ತಿಂಗಳುಗಟ್ಟಲೆ ಮೂಕವಾಗಿದ್ದ ಮೊಣಕಾಲು ಮಾತಾಡತೊಡಗುತ್ತದೆ. ಪಕ್ಕದ ಮನೆಯವರ ಸೀನು ಪ್ರಾಣಾಂತಿಕವೆನಿಸುತ್ತದೆ. ಊರಿನ ಹವಾಮಾನ ದಿನಕ್ಕೆ ಹತ್ತು ಸಲ ವಿಚಾರಣೆಗೆ ಗುರಿಯಾಗುತ್ತದೆ. ಬೆಳಗಿನ ಐದಕ್ಕೇ ಎದ್ದು, ಹೋಗಲು ಎಲ್ಲಿಗೂ ಇಲ್ಲದೆ, ಅಡುಗೆಮನೆಯಲ್ಲಿ ಸುಳಿದಾಡುತ್ತ ಫಿಲ್ಟರಿನ ಡಿಕಾಕ್ಷನ್ ಇಳಿದಿಲ್ಲವೆಂದು ತಕರಾರು ತೆಗೆಯುವ ಯಜಮಾನನನ್ನು ಕಂಡು, ನಾಲ್ಕು ತಿಂಗಳಿಂದ ಅವನ ಓಟವನ್ನು ಶಪಿಸುತ್ತಿದ್ದ ಗೃಹಿಣಿಯೇ ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿ, "ರೀ, ಇವತ್ತು ಐದು ಕಿಲೋಮೀಟರಿಗೆ ಅವಕಾಶ ಇದೆಯಲ್ರೀ, ಹೋಗಿ ಬನ್ನಿ" ಎಂದು ಶೂಗಳನ್ನು ತಾನೇ ತಂದು ಬಾಗಿಲ ಬಳಿ ಇಡುತ್ತಾಳೆ.