ದೊರೆಯದ ಗಣಕಯಂತ್ರ: ಒಂದು ಪ್ರಚಲಿತ ಕಥನದ ಪರಾಮರ್ಶೆ

ಅಮೆರಿಕವು ಬೇಡಿದ ಸೂಪರ್ ಕಂಪ್ಯೂಟರನ್ನು ಕೊಡಲೊಪ್ಪಲಿಲ್ಲ. ಭಾರತವು ಛಲತೊಟ್ಟು 1991ರಲ್ಲಿ ‘ಪರಮ್ 8000’ ಯಂತ್ರವನ್ನು ತಾನೇ ನಿರ್ಮಿಸಿತು. ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಈ ಕಥನವು ಸುಳ್ಳಲ್ಲವಾದರೂ ಎರಡು ವಿಧದಲ್ಲಿ ಅಪೂರ್ಣವಾದುದು.

ಮೊದಲನೆಯ ಕೊರತೆ ಕಾಲಾನುಕ್ರಮದ್ದು. ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಸ್ಥಾಪಿತವಾದುದು 1988ರಲ್ಲಿ. ಅದಕ್ಕೂ ಮುನ್ನ, ರೊದ್ದಂ ನರಸಿಂಹರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗ, 1986ರಲ್ಲಿಯೇ ಅಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕಯಂತ್ರವು ಸಿದ್ಧವಾಗಿತ್ತು. ಸಾಧಾರಣ ಸಂಸ್ಕಾರಕಗಳನ್ನು ಜೋಡಿಸಿ, ಒಂದೇ ಲೆಕ್ಕವನ್ನು ಭಾಗಮಾಡಿ ಅವುಗಳಿಗೆ ಹಂಚುವುದು ಅದರ ತತ್ತ್ವ. ಆದುದರಿಂದ ನಮ್ಮ ಸಾಮರ್ಥ್ಯವು ನಿರಾಕರಣೆಯೊಂದರಿಂದಲೇ ಹುಟ್ಟಿತೆಂಬ ವಾದವು ನಿಲ್ಲಲಾರದು.

ಎರಡನೆಯ ಕೊರತೆ ಹೆಚ್ಚು ಗಂಭೀರವಾದುದು. ನಿರಾಕರಣೆಯು ಪೂರ್ಣವಾಗಿರಲಿಲ್ಲ. ಎರಡು ಸಂಸ್ಕಾರಕಗಳ ಕ್ರೇ ಎಕ್ಸ್-ಎಂಪಿ 24ರ ಬದಲು ಒಂದೇ ಸಂಸ್ಕಾರಕದ ಎಕ್ಸ್-ಎಂಪಿ 14 ದೊರೆಯಿತು. ಅದನ್ನು ದೆಹಲಿಯಲ್ಲಿ ಹವಾಮಾನದ ಮುನ್ಸೂಚನೆಗೆಂದು ಮೀಸಲಿಡಲಾಯಿತು. ಅಂತಹ ಯಂತ್ರವನ್ನು ಬಯಸಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಅದು ಲಭಿಸಲಿಲ್ಲ. ಮಳೆಯನ್ನೇ ನಂಬಿದ ದೇಶದಲ್ಲಿ ಈ ಹಂಚಿಕೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಆದರೆ ಅದರ ಫಲವೆಷ್ಟೆಂಬುದನ್ನೂ ಅಳೆಯಬೇಕಷ್ಟೆ.

ಆ ಯಂತ್ರದ ಮೇಲೆ 1990ರ ದಶಕದಲ್ಲಿ ನಡೆದ ‘ಟಿ-80’ ಮಾದರಿಯಲ್ಲಿ ಭೂಮಿಯನ್ನು ಸುಮಾರು 150 ಕಿಲೋಮೀಟರಿನ ಚೌಕಗಳಾಗಿ ಎಣಿಸಲಾಗುತ್ತಿತ್ತು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳೂ ಅಂತಹ ಒಂದೇ ಚೌಕದಲ್ಲಿ ಅಡಗಬಲ್ಲವು. ಮಲೆನಾಡಿನ ಅಂಚಿನ ಹಾನಗಲ್ಲಿನಲ್ಲಿ ಭತ್ತ ಬೆಳೆಯುತ್ತದೆ. ಸವಣೂರಿನದು ಬಯಲುಸೀಮೆಯ ಬೇಸಾಯ. ಇವೆರಡರ ಮಳೆಯ ಅಂತರವನ್ನು ಅಷ್ಟು ದೊಡ್ಡ ಚೌಕವು ಹೇಗೆ ತೋರೀತು? ಬಿತ್ತನೆಗೆ ಕಾದು ಕುಳಿತ ರೈತನ ಪಾಲಿಗೆ ಆ ಮುನ್ಸೂಚನೆಯು ದೂರದ ಮಾತಾಗಿಯೇ ಉಳಿಯಿತು. ಮುಂದೆ ಇದೇ ಟಿ-80 ಲೆಕ್ಕವನ್ನು ಬೆಂಗಳೂರಿನ ಫ್ಲೋಸಾಲ್ವರಿನ ಮೇಲೂ ನಡೆಸಿದುದು ಗಮನಾರ್ಹ. ಆದರೆ ಯಂತ್ರ ಬದಲಾದ ಮಾತ್ರಕ್ಕೆ ಚೌಕವು ಕಿರಿದಾಗುವುದಿಲ್ಲ.

ಕೆರೆ ತುಂಬದ ವರ್ಷ ಯಾರ ಗದ್ದೆಗೆ ನೀರು ಹರಿಯಿತು, ಯಾರದು ಒಣಗಿತು ಎಂದು ಕೇಳುವುದು ಇತಿಹಾಸಕಾರನ ಧರ್ಮ. ಗಣಕಯಂತ್ರದ ಇತಿಹಾಸಕ್ಕೂ ಅದೇ ಪ್ರಶ್ನೆ ಸಲ್ಲುತ್ತದೆ. ಛಲದ ಕಥೆಯು ಅಭಿಮಾನವನ್ನು ಬೆಳೆಸೀತು. ಹಂಚಿಕೆಯ ಕಥೆಯಿಲ್ಲದೆ ತಿಳಿವಳಿಕೆ ಬೆಳೆಯದು. ವಿದ್ಯಾರ್ಥಿಗಳಿಗೆ ಎರಡನ್ನೂ ಹೇಳತಕ್ಕದ್ದು.