ಬಾವರ್ ಬೀದಿಯ ನಕ್ಷತ್ರ

1930ರ ಜೂನ್‌ನಲ್ಲಿ ‘ಕಾಂಟೆ ವರ್ಡೆ’ ಎಂಬ ಹಡಗು ಫ್ರಾನ್ಸಿನ ದಕ್ಷಿಣ ತೀರದಿಂದ ದಕ್ಷಿಣ ಅಮೆರಿಕದ ಕಡೆಗೆ ಹೊರಟಿತು. ಅದರಲ್ಲಿದ್ದ ಒಬ್ಬ ಮೀಸೆಯ ಹಿರಿಯರ ಪೆಟ್ಟಿಗೆಯಲ್ಲಿ ಚಿನ್ನದ ಲೇಪದ ಪುಟ್ಟ ಬೆಳ್ಳಿ ಬಟ್ಟಲಿತ್ತು. ಹಿರಿಯರ ಹೆಸರು ಜೂಲ್ಸ್ ರಿಮೆ. ಉರುಗ್ವೆಯಲ್ಲಿ ನಡೆಯಲಿದ್ದ ಮೊದಲ ವಿಶ್ವಕಪ್‌ನ ಬಟ್ಟಲು ಅದು. ಮುಂದೆ ಅದಕ್ಕೆ ಅವರದೇ ಹೆಸರಾಯಿತು. ಇಷ್ಟನ್ನು ಕ್ವಿಜ್ ಆಡುವ ಮಕ್ಕಳೂ ಹೇಳುತ್ತಾರೆ. ನನಗೆ ರುಚಿಸುವುದು ಅದಕ್ಕೂ ಹಿಂದಿನ ಕಥೆ. 1897ರಲ್ಲಿ, ಇನ್ನೂ ಇಪ್ಪತ್ತಮೂರರ ಹುಡುಗನಾಗಿದ್ದಾಗ, ಗೆಳೆಯರನ್ನು ಕಟ್ಟಿಕೊಂಡು ಈತ ಪ್ಯಾರಿಸ್ಸಿನಲ್ಲಿ ಹುಟ್ಟುಹಾಕಿದ ಕ್ಲಬ್ಬು: ರೆಡ್ ಸ್ಟಾರ್.

ರಿಮೆ ದಿನಸಿ ಅಂಗಡಿಯವರ ಮಗ, ಓದಿದ್ದು ಕಾನೂನು. ಆಟ ಶ್ರೀಮಂತರ ಸೊತ್ತಾಗಿದ್ದ ಆ ದಿನಗಳಲ್ಲಿ ತನ್ನ ಕ್ಲಬ್ಬಿನ ಬಾಗಿಲಲ್ಲಿ ಯಾರ ಅಂತಸ್ತನ್ನೂ ವಿಚಾರಿಸಕೂಡದು ಎಂದು ಹಟ ಹಿಡಿದವರು. ಮನೆಯಲ್ಲಿ ಮಕ್ಕಳ ಪಾಠಕ್ಕಿದ್ದ ಇಂಗ್ಲಿಷ್ ಹೆಂಗಸೊಬ್ಬಳು ‘ರೆಡ್ ಸ್ಟಾರ್ ಲೈನ್’ ಎಂಬ ಹಡಗು ಕಂಪನಿಯನ್ನು ನೆನೆದು ಈ ಹೆಸರು ಸೂಚಿಸಿದಳಂತೆ. ನಿಜವೋ ಕಟ್ಟುಕಥೆಯೋ, ರಷ್ಯದ ಕ್ರಾಂತಿಗೆ ಇನ್ನೂ ಇಪ್ಪತ್ತು ವರ್ಷ ಬಾಕಿಯಿತ್ತು; ಆಗ ಆ ನಕ್ಷತ್ರಕ್ಕೆ ಯಾವ ಪಕ್ಷವೂ ಇರಲಿಲ್ಲ. ಜೆರ್ಸಿಯೂ ಕೆಂಪಲ್ಲ, ಹಸಿರು-ಬಿಳಿ.

ಸ್ಥಾಪಕರು ಆಟವನ್ನು ಸಾಗರದಾಚೆ ಒಯ್ದರೆ, ಅವರ ಕ್ಲಬ್ಬು 1909ರಲ್ಲಿ ಪ್ಯಾರಿಸ್ಸಿನ ಉತ್ತರದ ಅಂಚಿನ ಸ್ಯಾಂತ್‌ವ್ಯಾಂಗೆ ಬಂದು ಒಂದು ಬೀದಿಯಲ್ಲಿ ಬೇರು ಬಿಟ್ಟಿತು. ಕಾರ್ಖಾನೆಗಳ ಊರು, ಹಳೆಯ ಸಾಮಾನುಗಳ ದೊಡ್ಡ ಸಂತೆಗೆ ಹೆಸರಾದ ಊರು. ಅಲ್ಲಿಂದ ಅದನ್ನು ಕೀಳಲು ಆಮೇಲೆ ಬಂದವರೆಲ್ಲ ನೋಡಿದರು.

ಮೊದಲು ವೈಭವದ ಮಾತು ಮುಗಿಸಿಬಿಡೋಣ. ಫ್ರೆಂಚ್ ಕಪ್ ಶುರುವಾಗಿ ಕೆಲವೇ ವರ್ಷ. 1921, 1922, 1923 ಮೂರು ಸಲವೂ ಬೆನ್ನುಬೆನ್ನಿಗೆ ರೆಡ್ ಸ್ಟಾರ್. ಮತ್ತೆ 1928ರಲ್ಲಿ, ಕೊನೆಯದಾಗಿ 1942ರಲ್ಲಿ. ಆ ಕಾಲದ ತಂಡದಲ್ಲಿ ನನ್ನ ಕಣ್ಣು ನಿಲ್ಲುವುದು ಗೋಲ್‌ಕೀಪರ್ ಪಿಯೆರ್ ಶೆರಿಗೆಸ್ ಮೇಲೆ. ಎತ್ತರದ ಆಳೇನಲ್ಲ. ಆದರೆ ಕಂಬಗಳ ನಡುವೆ ಕಾವಲುಗಾರನಂತೆ ನಿಲ್ಲುವುದೇ ಗೋಲಿಯ ಧರ್ಮ ಎಂದು ಎಲ್ಲರೂ ನಂಬಿದ್ದಾಗ ಈತ ಗೆರೆ ಬಿಟ್ಟು ಮುಂದೆ ಓಡಿಬರುತ್ತಿದ್ದ, ಎದುರಾಳಿಯ ಕಾಲಡಿಗೆ ಧುಮುಕುತ್ತಿದ್ದ, ಚೆಂಡನ್ನು ಮುಷ್ಟಿಯಿಂದ ಗುದ್ದುತ್ತಿದ್ದ. ಇವತ್ತು ಯಾವ ಗೋಲಿಯಾದರೂ ಮಾಡುವುದೇ ಇದು. ಮೊದಲು ಮಾಡಿದವನ ಧೈರ್ಯವನ್ನು ಊಹಿಸಿಕೊಂಡರೆ ಮಾತ್ರ ಅದರ ಸೊಗಸು ತಿಳಿಯುತ್ತದೆ.

ಆಮೇಲಿನದು ಏಳುಬೀಳಿನ ಲೆಕ್ಕ. ಒಲಿಂಪಿಕ್ ಡಿ ಪ್ಯಾರಿಸ್ ಜೊತೆ ವಿಲೀನ, ಸ್ಟಾಡ್ ಫ್ರಾನ್ಸೆ ಜೊತೆ ವಿಲೀನ. 1967ರಲ್ಲಂತೂ ಮೊದಲ ದರ್ಜೆಯಲ್ಲಿ ಆಡಬೇಕೆಂದು ದೂರದ ತೂಲೂಸ್ ಊರಿನ ಕ್ಲಬ್ಬನ್ನೇ ಸೇರಿಸಿಕೊಂಡು ಅದರ ಜಾಗದಲ್ಲಿ ಕೂತಿತು. ಅದೊಂದು ಅಧ್ಯಾಯವನ್ನು ಮೆಚ್ಚುವುದು ನನ್ನಿಂದಾಗದು. 1975ರಲ್ಲಿ ಮೊದಲ ದರ್ಜೆಯಿಂದ ಇಳಿದದ್ದು ಮತ್ತೆ ಅಲ್ಲಿಗೆ ಏರಲಿಲ್ಲ. ಹೊಸ ಶತಮಾನದ ಆರಂಭದಲ್ಲಿ ಹಣ ಬತ್ತಿ, ಪ್ರಾಂತೀಯ ಲೀಗಿನವರೆಗೂ ಜಾರಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಬಂತು.

ಇಷ್ಟಾದರೂ ಮೈದಾನ ಅದೇ. ಅದರ ಅಸಲಿ ಹೆಸರು ಸ್ಟಾಡ್ ಡಿ ಪ್ಯಾರಿಸ್. ಆದರೆ ಎಲ್ಲರ ಬಾಯಲ್ಲೂ ಅದು ‘ಬಾವರ್’, ಮುಂದಿನ ಬೀದಿಯ ಹೆಸರಿನಿಂದ. ಒಂದು ಗೋಲಿನ ಹಿಂದೆ ಹಡಗಿನ ಮೂತಿಯಂತೆ ಚೂಪಾಗಿ ನುಗ್ಗಿದ ವಸತಿ ಕಟ್ಟಡ. ಅಲ್ಲಿಯ ಬಾಲ್ಕನಿಗಳಿಂದ ಟಿಕೆಟ್ಟಿಲ್ಲದೆ ಪಂದ್ಯ ನೋಡಬಹುದು. ಬೀದಿಯ ಆಚೆ ಬದಿಗೆ ‘ಒಲಿಂಪಿಕ್’ ಎಂಬ ಹಳೆಯ ಬಾರು. ಪಂದ್ಯಕ್ಕೆ ಮುಂಚೆಯೂ ಪಂದ್ಯ ಮುಗಿದ ಮೇಲೂ ಜನ ಗ್ಲಾಸು ಹಿಡಿದು ಅಲ್ಲಿ ನೆರೆಯುತ್ತಾರೆ. ಮೇಲಿನ ದರ್ಜೆಗೆ ಬಡ್ತಿ ಸಿಕ್ಕಾಗೆಲ್ಲ ಈ ಮೈದಾನ ನಿಯಮಕ್ಕೆ ಸಾಲದು ಎಂದು ತಂಡವನ್ನು ಹೊರಗೆ ಅಟ್ಟಿದ್ದುಂಟು. 2015ರಲ್ಲಿ ಎರಡನೇ ದರ್ಜೆಗೆ ಏರಿದ ತಂಡ ತನ್ನ ‘ತವರಿನ’ ಪಂದ್ಯಗಳನ್ನು ಎಷ್ಟೋ ಮೈಲಿ ಉತ್ತರದ ಬೋವೆ ಪಟ್ಟಣದಲ್ಲಿ ಆಡಿತು. ಗೆದ್ದದ್ದಕ್ಕೆ ಸಿಕ್ಕ ಬಹುಮಾನ ಗಡೀಪಾರು. ಬೆಂಬಲಿಗರು ಕೇಳುತ್ತಿದ್ದದ್ದು ಕಪ್ಪನ್ನಲ್ಲ, ನಡೆದುಹೋಗುವಷ್ಟು ದೂರದ ಆಟವನ್ನು.

ಬೀದಿಗೆ ಹೆಸರು ಕೊಟ್ಟ ಜಾನ್-ಕ್ಲೋಡ್ ಬಾವರ್ ಸ್ಯಾಂತ್‌ವ್ಯಾಂನ ವೈದ್ಯ, ಕಮ್ಯುನಿಸ್ಟ್. ನಾಜಿಗಳ ಆಕ್ರಮಣಕ್ಕೆ ಎದುರಾಗಿ ಗುಪ್ತವಾಗಿ ದುಡಿದವರು. 1942ರ ಮೇ ತಿಂಗಳಲ್ಲಿ ಅವರನ್ನು ಮಾಂ ವಲೇರಿಯನ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಅದೇ ಮೇ ತಿಂಗಳಲ್ಲೇ ರೆಡ್ ಸ್ಟಾರ್ ತನ್ನ ಐದನೆಯ, ಕೊನೆಯ ಕಪ್ಪನ್ನು ಗೆದ್ದದ್ದು, ಸೆತ್ ತಂಡವನ್ನು 2–0ರಿಂದ ಸೋಲಿಸಿ. ಒಂದೇ ನಗರ, ಒಂದೇ ತಿಂಗಳು.

ಮರುವರ್ಷ ಕ್ಲಬ್ಬಿಗೆ ಸಹಿ ಹಾಕಿದ ಹುಡುಗ ರಿನೊ ಡೆಲ್ಲಾ ನೆಗ್ರಾ. ಉತ್ತರದ ಗಣಿ ಸೀಮೆಯ ವಿಮಿಯಲ್ಲಿ ಇಟಲಿಯ ವಲಸಿಗ ದಂಪತಿಗೆ 1923ರಲ್ಲಿ ಹುಟ್ಟಿದವನು, ಬೆಳೆದದ್ದು ಪ್ಯಾರಿಸ್ ಅಂಚಿನ ಅರ್ಜಾಂತೈನಲ್ಲಿ. ಹದಿಹರೆಯದಲ್ಲೇ ಕಾರ್ಖಾನೆ ಸೇರಿದ. ಜರ್ಮನಿಗೆ ಹೋಗಿ ಕಡ್ಡಾಯ ದುಡಿಮೆ ಮಾಡು ಎಂಬ ಆಜ್ಞೆ ಬಂದಾಗ ಹೋಗಲಿಲ್ಲ. ವಲಸಿಗರ ಸಶಸ್ತ್ರ ಪ್ರತಿರೋಧ ಪಡೆಯನ್ನು ಸೇರಿದ. ಅದರ ಮುಂದಾಳು ಅರ್ಮೇನಿಯದ ಕವಿ-ಕಾರ್ಮಿಕ ಮಿಸಾಕ್ ಮನೂಷಿಯಾನ್. ಭೂಗತನಾದರೂ ಫುಟ್‌ಬಾಲ್ ಬಿಡಲಿಲ್ಲ ಎಂಬುದು ನನಗೆ ಈ ಇಡೀ ಚರಿತ್ರೆಯ ಅತ್ಯಂತ ಸೋಜಿಗದ ಸಂಗತಿ. ತಲೆಮರೆಸಿಕೊಂಡವನಿಗೆ ಪ್ರೇಕ್ಷಕರ ಮುಂದಿನ ಬಯಲಿಗಿಂತ ಅಪಾಯದ ಜಾಗ ಯಾವುದು! 1943ರ ನವೆಂಬರ್ 12ರಂದು ಲಫಾಯೆತ್ ಬೀದಿಯಲ್ಲಿ ಜರ್ಮನ್ನರ ಹಣ ಸಾಗಿಸುವವರ ಮೇಲೆ ನಡೆದ ದಾಳಿಯಲ್ಲಿ ಗಾಯಗೊಂಡು ಸಿಕ್ಕಿಬಿದ್ದ. 1944ರ ಫೆಬ್ರವರಿ 21ರಂದು, ಅದೇ ಮಾಂ ವಲೇರಿಯನ್‌ನಲ್ಲಿ, ಮನೂಷಿಯಾನ್ ಮತ್ತು ಇತರ ಸಂಗಾತಿಗಳ ಜೊತೆ ಗುಂಡಿಗೆ ಬಲಿಯಾದ. ಇಪ್ಪತ್ತು ವರ್ಷ ವಯಸ್ಸು.

ಆ ಗುಂಪನ್ನು ಪರದೇಶಿ ಪಾತಕಿಗಳೆಂದು ಹೀಗಳೆಯಲು ನಾಜಿಗಳು ಅಂಟಿಸಿದ ಕುಖ್ಯಾತ ಕೆಂಪು ಭಿತ್ತಿಪತ್ರದಲ್ಲಿ ಹತ್ತು ಮುಖಗಳಿವೆ; ರಿನೊ ಮುಖ ಅದರಲ್ಲಿಲ್ಲ. ಹಾಗಾಗಿ ದೇಶ ಅವನನ್ನು ಬಹುಕಾಲ ಗುರುತಿಸಲಿಲ್ಲ. ನೆನಪಿಟ್ಟದ್ದು ಗ್ಯಾಲರಿ. ಸಾಯುವ ಮುನ್ನ ತಮ್ಮನಿಗೆ ಬರೆದ ಪತ್ರದಲ್ಲಿ ರೆಡ್ ಸ್ಟಾರಿನ ಎಲ್ಲರಿಗೂ ತನ್ನ ನಮಸ್ಕಾರ, ವಿದಾಯ ತಿಳಿಸು ಎಂದಿದ್ದನಲ್ಲ, ಆ ವಿದಾಯಕ್ಕೆ ಬೆಂಬಲಿಗರು ಈಗಲೂ ಮಾರುತ್ತರ ಕೊಡುತ್ತಲೇ ಇದ್ದಾರೆ. ಅವರು ಹಾಡುತ್ತಾ ನಿಲ್ಲುವ ಸ್ಟ್ಯಾಂಡಿಗೆ ಅವನ ಹೆಸರು, 2004ರಿಂದ ಮೈದಾನದಲ್ಲಿ ಅವನ ಫಲಕ. ಹಡಗು ಕಂಪನಿಯಿಂದ ಬಂದ ನಕ್ಷತ್ರಕ್ಕೆ ಬಣ್ಣ ಹತ್ತಿದ್ದು ಇಂಥವರಿಂದ.

ಈಚೆಗೆ ಇದೆಲ್ಲ ಒಂದು ಫ್ಯಾಷನ್ ಕೂಡ ಆಗಿದೆ. ಪ್ಯಾರಿಸ್ಸಿನ ಒಳನಗರದ ನಾಜೂಕು ಜನ ಹಸಿರು ಸ್ಕಾರ್ಫು ಸುತ್ತಿಕೊಂಡು ಎಡಪಂಥದ ವಿಹಾರಕ್ಕೆ ಬಂದಂತೆ ಬರುತ್ತಾರೆ. ಬರಲಿ, ಟಿಕೆಟ್ ಹಣವಾದರೂ ಬರುತ್ತದೆ. ಆದರೆ ಆ ಗ್ಯಾಲರಿಯ ನಿಜವಾದ ಹಟ ಕಂಡದ್ದು 2022ರಲ್ಲಿ. ಹಲವು ದೇಶಗಳ ಕ್ಲಬ್ಬುಗಳನ್ನು ಕೊಂಡು ಒಟ್ಟುಹಾಕುತ್ತಿದ್ದ ಅಮೆರಿಕದ ಹೂಡಿಕೆ ಸಂಸ್ಥೆ ‘777 ಪಾರ್ಟ್‌ನರ್ಸ್’ಗೆ ಕ್ಲಬ್ಬು ಮಾರಾಟವಾಗುತ್ತದೆ ಎಂದು ಗೊತ್ತಾದಾಗ ಬೆಂಬಲಿಗರು ಪಂಜು ಎಸೆದು ಪಂದ್ಯವನ್ನೇ ನಿಲ್ಲಿಸಿದರು. ಮಾರಾಟ ನಡೆದೇ ಹೋಯಿತು. ಹಳೆಯ ಸ್ಟ್ಯಾಂಡುಗಳನ್ನು ಒಂದೊಂದಾಗಿ ಕೆಡವಿ ಹತ್ತು ಸಾವಿರ ಜನ ಹಿಡಿಯುವ ಹೊಸ ಬಾವರ್ ಕಟ್ಟುವ ಕೆಲಸವೂ ಅದೇ ಜಾಗದಲ್ಲಿ, ಪಂದ್ಯಗಳ ನಡುವೆಯೇ ಸಾಗಿತು.

2024ರ ವಸಂತದಲ್ಲಿ ಹಬೀಬ್ ಬೆಯ್ ತರಬೇತಿಯ ತಂಡ ಮೂರನೇ ದರ್ಜೆಯನ್ನು ಗೆದ್ದು ಮೇಲೇರಿತು. ಈ ಸಲ ಬೋವೆಗೆ ಹೋಗಬೇಕಾಗಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಮನೂಷಿಯಾನ್ ದಂಪತಿಯ ಅವಶೇಷಗಳು ಪ್ಯಾರಿಸ್ಸಿನ ಪ್ಯಾಂಥಿಯನ್ ಸೇರಿದಾಗ ಸಂಗಾತಿಗಳ ಹೆಸರುಗಳನ್ನೂ ಅಲ್ಲಿ ಕೆತ್ತಿದರು, ರಿನೊ ಹೆಸರೂ ಸೇರಿ. ಕ್ಲಬ್ಬು ಕೊಂಡ ಅಮೆರಿಕದ ಸಂಸ್ಥೆ ಮಾತ್ರ ಆ ವರ್ಷವೇ ಸಾಲದಲ್ಲಿ ಮುಳುಗಿ ಕುಸಿಯಿತು.